ನಾಕಾದ ಎರಡು ತಾಸು

ಬನಹಟ್ಟಿ ಸೀರೆ ಹೇರಿಕೊಂಡ ಗಂಡನ ಲಾರಿ ದೂರದಲ್ಲಿ ಕಂಡದ್ದೇ ತಡ, ಮಾದೇವಿ ಬುತ್ತಿ ಹಿಡಿದುಕೊಂಡು ರಸ್ತೆ ನಡುವಿನ ಹೊಸ ಡಿವೈಡರ್ ಹತ್ತಿದಳು. ಬುತ್ತಿಯ ಅರಿವೆಗೆ ದವಾಖಾನೆಯ ಕಾಗದ ಸಿಕ್ಕಿಸಿದ್ದಳು. ಅವಳ ಎದೆಯ ಗಡ್ಡೆ ಬಲಿತಿದೆ, ಬರುವುದು ತಡವಾಯಿತು ಎಂದಿದ್ದರು ಡಾಕ್ಟರು.

ಜಿಎಸ್‌ಟಿ ಬರುವ ಮೊದಲು ಈ ಗಡಿ ನಾಕಾದಲ್ಲಿ ಕಾಗದಪತ್ರ ತೋರಿಸಲು ಲಾರಿಗಳು ಎರಡೆರಡು ತಾಸು ಸಾಲುಗಟ್ಟುತ್ತಿದ್ದವು. ಡ್ರೈವರುಗಳೆಲ್ಲ ಬೈದುಕೊಳ್ಳುತ್ತಿದ್ದ ಆ ಹೊತ್ತೇ ಅವಳ ಸಂಸಾರ. ಲಾರಿಯ ನೆರಳಿನಲ್ಲಿ ಗಂಡ ಪರಮಾನಂದ ಉಣ್ಣುತ್ತಿದ್ದ. ಅವಳು ವಾರದ ಮಾತನ್ನೆಲ್ಲ ಆಡಿ ಹಗುರಾಗುತ್ತಿದ್ದಳು. ಈಗ ನಾಕಾದ ಅಡ್ಡಗಂಬವನ್ನೇ ಕಿತ್ತಿದ್ದಾರೆ. ಟ್ರಿಪ್ಪು ಹೆಚ್ಚಾಗಿವೆ. ಲಾರಿ ನಿಂತರೆ ಸಾಕು, ಮಾಲೀಕನ ಫೋನು.

ಲಾರಿ ನಿಧಾನವಾಯಿತು, ನಿಲ್ಲಲಿಲ್ಲ. ಹಿಂದಿನ ಗಾಡಿಗಳು ಹಾರ್ನ್ ಬಾರಿಸಿದವು. ಪರಮಾನಂದ ಕಿಟಕಿಯಿಂದ ಕೈಚಾಚಿ ಕೂಗಿದ: "ಡಾಕ್ಟರ್ ಏನಂದ್ರ, ಮಾದೇವಿ?"

ಲಾರಿಯ ಜೊತೆ ಓಡುತ್ತ ಹೇಳುವ ಮಾತೇ ಅದು? ಅವಳು ಕಾಗದವನ್ನು ಕಿತ್ತು ಮುಷ್ಟಿಯೊಳಗೆ ಮುದುರಿಕೊಂಡು, ಬುತ್ತಿಯನ್ನಷ್ಟೇ ಅವನ ಕೈಗಿತ್ತಳು.

"ಏನೂ ಇಲ್ಲಂತ್ರಿ. ರೊಟ್ಟಿ ಆರೂದ್ರಾಗ ಉಂಡಬಿಡ್ರಿ!"