ಮುದುಕಿಯ ಟೇಪುಗಳು

ಹನ್ನೆರಡು ವರ್ಷ ಯುರೋಪಿನ ರೋಮಾ ಅಲೆಮಾರಿಗಳ ಹಿಂದೆ ಕ್ಯಾಮೆರಾ ಹೊತ್ತು ತಿರುಗಿದವನು ಧಾರವಾಡದ ಆ ಸಾಕ್ಷ್ಯಚಿತ್ರಕಾರ. ಅವನು ಚಿತ್ರೀಕರಿಸುತ್ತಿದ್ದ ಹಾಡುಗಾರ್ತಿ ಮುದುಕಿ ಸತ್ತಳೆಂದೂ, ಟೇಪುಗಳನ್ನೆಲ್ಲ ತರಬೇಕೆಂದೂ ಬಿಡಾರದಿಂದ ಕರೆ ಬಂತು.

ಹೋದಾಗ ಬಿಡಾರದ ನಡುವೆ ಬೆಂಕಿ ಉರಿಯುತ್ತಿತ್ತು. ಸತ್ತವರದ್ದು ಏನೂ ಉಳಿಯಬಾರದೆಂಬುದು ಆ ಮನೆತನದ ಕಟ್ಟಳೆ. ಮುದುಕಿಯ ಲಂಗ, ಶಾಲು, ಫೋಟೊಗಳೆಲ್ಲ ಆಗಲೇ ಬೂದಿಯಾಗಿದ್ದವು.

"ಇದರಲ್ಲೇನಿದೆ?" ಎಂದ ಬಿಡಾರದ ಹಿರಿಯ, ಅವನು ತಂದಿದ್ದ ಟೇಪುಗಳ ಚೀಲ ತೋರಿಸಿ.

"ಅವಳ ಹಾಡೆಲ್ಲ ಇದೆ. ನನ್ನನ್ನ ಅಣಕಿಸಿ 'ಊಟ ಆತೇನ್ರೀ?' ಅಂತಿದ್ದಳಲ್ಲ, ಅದೂ ಇದೆ. ಬೇರೆ ಪ್ರತಿ ಇಲ್ಲ, ದೊಡ್ಡಪ್ಪಾ. ನನ್ನ ಬದುಕೇ ಇದು."

"ಅತಿಥಿಗೆ ನಮ್ಮ ಕಟ್ಟಳೆ ಇಲ್ಲ. ಬೇಕಾದರೆ ವಾಪಸ್ ತಗೊಂಡು ಹೋಗು. ಆದರೆ ನಮ್ಮ ಸಾರು ಕುಡಿದು 'ನಾನೂ ಅವಳ ಮಗನೇ' ಅಂತ ಮೀಸೆ ತಿರುವುತ್ತಿದ್ದೆಯಲ್ಲ? ಮಗನಾದರೆ ಹಾಕು."

ಮುದುಕಿಯ ಸ್ವಂತ ಮಗ ಪಕ್ಕದಲ್ಲೇ ತಲೆ ತಗ್ಗಿಸಿ ನಿಂತಿದ್ದ. ಸಾಕ್ಷ್ಯಚಿತ್ರಕಾರ ಅವನ ಮುಖ ನೋಡಿದ. ಆಮೇಲೆ ಒಂದೊಂದೇ ಟೇಪು ತೆಗೆದು ಬೆಂಕಿಗೆ ಹಾಕಿದ. ಹಿರಿಯ ಅವನನ್ನು ಅಪ್ಪಿಕೊಂಡು, "ಈಗ ನೀನು ನಮ್ಮವನು" ಎಂದ.

ಎಲ್ಲರೂ ಗಾಡಿಗಳಿಗೆ ಮರಳಿದ ಮೇಲೆ ಮಗ ಹತ್ತಿರ ಬಂದು ಪಿಸುಗುಟ್ಟಿದ.

"ಅಣ್ಣಾ, ಎಲ್ಲಾನೂ ಹಾಕಿಬಿಟ್ಟೆಯಾ?"

"ಎಲ್ಲಾನೂ."

ಮಗ ಕೂತು ಕಡ್ಡಿಯಿಂದ ಬೂದಿ ಕೆದಕಿದ.

"ನಾವಂತೂ ಇಟ್ಟುಕೊಳ್ಳೋ ಹಾಗಿಲ್ಲ. ನೀನಾದರೂ ಒಂದನ್ನ ಬಚ್ಚಿಟ್ಟಿರ್ತೀಯ ಅಂದ್ಕೊಂಡಿದ್ದೆ."