ಮೂಲೆ ಕೋಣೆಯ ಅತಿಥಿ

ಆ ಮನುಷ್ಯ ಇವತ್ತೂ ಕೋಣೆ ಬಿಟ್ಟು ಕೆಳಗೆ ಬಂದು ಕೂತಿದ್ದ.

ಸುಪ್ರಜಾ ಲಾಡ್ಜಿನ ಬಾಗಿಲಲ್ಲೇ ನಿಂತಳು. ಕೌಂಟರಿನ ಎದುರಿನ ಹಳೇ ಸೋಫಾ. ತೊಡೆಯ ಮೇಲೆ ಲ್ಯಾಪ್‌ಟಾಪ್, ಕಾಲಲ್ಲಿ ಹವಾಯಿ ಚಪ್ಪಲಿ, ಬಿಲ್ಲಿನ ಹಾಗೆ ಬಾಗಿದ ಬೆನ್ನು. ತಲೆಯ ಮೇಲೆ ಟಿವಿ ಕಿರುಚುತ್ತಿತ್ತು. ಮಹಡಿಯ ಮೂಲೆ ಕೋಣೆಯಲ್ಲಿ ಇಂಥವರಿಗೆಂದೇ ಅವಳು ಮಾಡಿಸಿದ ಅಗಲವಾದ ಮೇಜಿತ್ತು, ಬೆನ್ನಿಗೆ ಒರಗು ಕೊಡುವ ಕುರ್ಚಿಯಿತ್ತು, ಕಣ್ಣು ಚುಚ್ಚದ ದೀಪವಿತ್ತು. ಅದನ್ನೆಲ್ಲ ಬಿಟ್ಟು ಇಲ್ಲಿ!

ದೊಡ್ಡ ಕಂಪನಿಯ ನೌಕರಿ ಬಿಟ್ಟು ಅವಳು ಸ್ವಂತವಾಗಿ ಹಿಡಿದ ಮೊದಲ ಕೆಲಸವಿದು. ಲಾಡ್ಜನ್ನು ಆ ವರ್ಷ, ಎರಡು ಸಾವಿರದ ಎಂಟರಲ್ಲಿ, ಕೊಂಡ ಮರಿಯಣ್ಣ ಬಿನ್ನಿಪೇಟೆಯ ಕಡೆಯವರು. ಚಾಮರಾಜಪೇಟೆಯ ಈ ಬೀದಿಗೆ ಹೊಸಬರು. ಆಫೀಸಿಗೆ ಹೋಗದೆ, ರೂಮಿನಲ್ಲೇ ಕೂತು ಕಂಪ್ಯೂಟರ್ ಕೆಲಸ ಮಾಡುವ ಗಿರಾಕಿಗಳು ಈಗೀಗ ಬರುತ್ತಿದ್ದಾರೆಂದು ಅವರಿಗೆ ಯಾರೋ ಹೇಳಿದ್ದರು.

“ಒಂದು ರೂಮು ಮಾಡಿ ತೋರಿಸಿ ಮೇಡಂ. ಅದ್ರಲ್ಲಿ ಇದ್ದೋರು ಚೆನ್ನಾಗಿದೆ ಅಂದ್ರೆ, ಪೂರ್ತಿ ಲಾಡ್ಜು ನಿಮಗೇ.”

ಹೋದ ವಾರ ಅವರೇ ಫೋನ್ ಮಾಡಿದ್ದರು. “ಮೂಲೆ ರೂಮಿಗೆ ಲ್ಯಾಪ್‌ಟಾಪ್‌ನೋರು ಒಬ್ರು ಬಂದಿದಾರೆ. ತಿಂಗಳು ಇರ್ತಾರಂತೆ.”

ಅಂದಿನಿಂದ ಅವಳು ದಿನಾ ಬರುತ್ತಿದ್ದಳು. ಮೂಲೆ ಕೋಣೆಯ ಬಾಗಿಲಿಗೆ ‘ತೊಂದರೆ ಕೊಡಬೇಡಿ’ ಎಂಬ ಫಲಕ ಜೋತಾಡುತ್ತಿರುತ್ತಿತ್ತು. ಆಸಾಮಿ ಸೋಫಾದಲ್ಲಿ ಇರುತ್ತಿದ್ದ.

ಇವತ್ತು ತಡೆಯಲಾಗಲಿಲ್ಲ. ಹೋಗಿ ಪಕ್ಕದಲ್ಲೇ ಕೂತಳು.

“ಸರ್, ಆ ರೂಮಿನ ಡಿಸೈನ್ ನಂದು. ನಿಮಗೆ ಹಿಡಿಸಲಿಲ್ವಾ?”

ಅವರು ತಲೆಯೆತ್ತಿ ಅವಳನ್ನು ನೋಡಿದರು. ಐವತ್ತರ ಆಸುಪಾಸು, ನೀಟಾಗಿ ಬಾಚಿದ ಕೂದಲು.

“ರೂಮಿಂದೇನೂ ತಪ್ಪಿಲ್ಲಮ್ಮ,” ಎಂದರು. “ಮೊದಲು ನಮಗೂ ಆಫೀಸಿತ್ತು. ಬಾಡಿಗೆ ಜಾಸ್ತಿ ಆಯ್ತು ಅಂತ ಅದನ್ನ ಖಾಲಿ ಮಾಡಿ, ಕೈಗೊಂದು ಲ್ಯಾಪ್‌ಟಾಪ್ ಕೊಟ್ಟು ಕಳಿಸಿಬಿಟ್ರು. ಎಲ್ಲಿ ಬೇಕಾದ್ರೂ ಕೂತು ಮಾಡಿ ಅಂದ್ರು. ಎಲ್ಲಿ ಅಂತ ಕೂರೋದು?”

ಹೆಸರು ಬದರೀನಾರಾಯಣ. ಯಂತ್ರಗಳ ಕೈಪಿಡಿ ತಿದ್ದುವ ಕೆಲಸ. ಸುಪ್ರಜಾ ಕೇಳುತ್ತ ಹೋದಳು.

“ರಾತ್ರಿ ನಿದ್ದೆ ಬರುತ್ತಾ?”

“ಮಂಚ ದೊಡ್ಡದು. ಅದೇ ಕಷ್ಟ.”

“ಕಿಟಕಿಯಿಂದ ಗಲಾಟೆ?”

“ಗಲಾಟೆ ಎಲ್ಲಿಂದ? ಈ ಲಾಡ್ಜಿನ ಬೋರ್ಡ್ ಕಾಣುತ್ತೆ, ಅಷ್ಟೇ. ರಾತ್ರಿಯೆಲ್ಲ ಉರೀತಿರುತ್ತೆ.”

“ಆರಿಸೋಕೆ ಹೇಳ್ಲಾ?”

“ಬೇಡಮ್ಮ,” ಎಂದರು ಗಾಬರಿಯಿಂದ. “ಇರ್ಲಿ. ಯಾರೋ ಎದ್ದಿದಾರೆ ಅನ್ನಿಸುತ್ತೆ.”

ಮರಿಯಣ್ಣ ಕೌಂಟರಿನಿಂದ ಕೂಗಿದರು, “ಇಬ್ಬರಿಗೂ ಕಾಫಿ ಹೇಳಿದೀನಿ ಮೇಡಂ.”

ಮರುದಿನದಿಂದ ಸುಪ್ರಜಾ ತನ್ನ ನಕ್ಷೆಗಳನ್ನು ಅಲ್ಲಿಗೇ ತಂದಳು. ನೋಡಿ ಕಲಿಯುವುದಕ್ಕೆ ಎಂದು ತನಗೆ ತಾನೇ ಹೇಳಿಕೊಂಡಳು. ನಿಜ ಬೇರೆಯೇ ಇತ್ತು. ನೌಕರಿ ಬಿಟ್ಟ ಮೇಲೆ ಗವಿಪುರದ ಬಾಡಿಗೆ ಮನೆಯಲ್ಲಿ ಹಗಲೆಲ್ಲ ಒಬ್ಬಳೇ ಕೂತು, ಸಂಜೆ ಹೂವಿನವಳ ಹತ್ತಿರ ಒಂದು ಮಾತಾಡಲು ಹೋದರೆ ಗಂಟಲು ಕಟ್ಟಿರುತ್ತಿತ್ತು. ಇಲ್ಲಿ ಫೋನ್ ರಿಂಗಾಗುತ್ತಿತ್ತು. ಮರಿಯಣ್ಣ ಹಾಲಿನವನ ಜೊತೆ ಜಗಳವಾಡುತ್ತಿದ್ದರು. ಬದರೀನಾರಾಯಣ ಮಧ್ಯಾಹ್ನ ಊಟಕ್ಕೆ ಎದ್ದು ಹೋದವರು ಬೇಗನೆ ಮರಳುತ್ತಿದ್ದರು. ಎಲ್ಲಿ ಊಟ ಎಂದರೆ, “ಇಲ್ಲೇ ಹತ್ತಿರ. ಅನ್ನ, ಸಾರು. ನೆನ್ನೇದೇ” ಎನ್ನುತ್ತಿದ್ದರು. ಅವಳು ನಗುತ್ತಿದ್ದಳು.

ಒಂದು ಬೆಳಿಗ್ಗೆ ಅವಳು ಹಳೇ ನಕ್ಷೆಗಳನ್ನೆಲ್ಲ ಸುತ್ತಿಟ್ಟಳು.

“ರೂಮುಗಳಿಗೆ ಮೇಜು ಬೇಡ ಮರಿಯಣ್ಣನವರೇ. ಕೆಳಗೆ ಹಾಲ್‌ನಲ್ಲಿ ಒಂದೇ ಉದ್ದನೆ ಮೇಜು ಹಾಕೋಣ. ಎಲ್ಲರೂ ಒಟ್ಟಿಗೆ ಕೂತು ಕೆಲಸ ಮಾಡ್ಲಿ.”

“ಏನ್ರೀ ಇದು, ಮದುವೆ ಪಂಕ್ತಿನಾ?”

“ನಿಮ್ಮ ಗೆಸ್ಟ್‌ಗೆ ಬೇಕಾಗಿರೋದು ಅದೇ. ಕಣ್ಣಾರೆ ನೋಡಿದೀನಿ.”

ಮರಿಯಣ್ಣ ಕೆನ್ನೆ ಕೆರೆದುಕೊಂಡರು. “ನೀವು ಓದಿದೋರು. ಮಾಡಿ.”

ಹಲಸಿನ ಮರದ ಮೇಜು ಬಂದ ದಿನ ಹಾಲ್‌ಗೇ ಬೇರೆ ಕಳೆ. ಸುಪ್ರಜಾ ಮೇಜಿನ ಅಂಚುಗಳನ್ನು ದುಂಡಗೆ ಮಾಡಿಸಿದ್ದಳು. ಎದುರುಬದುರು ಕೂತವರ ಮುಖ ಕಾಣುವಂತೆ ದೀಪಗಳನ್ನು ತಗ್ಗಿಸಿದ್ದಳು. ಬದರೀನಾರಾಯಣ ಮೊದಲಿಗರಾಗಿ ಕೂತು ಅಂಗೈಯಿಂದ ಮೇಜನ್ನು ನೇವರಿಸಿದರು. ಅಷ್ಟು ಸಾಕಾಯಿತು ಅವಳಿಗೆ.

ಆಗ ಮರಿಯಣ್ಣ ಕರೆದರು. “ಮೇಡಂ, ಮೂಲೆ ರೂಮಿನವರು ಇವತ್ತು ಹೊರಡ್ತಿದಾರೆ. ನಿಮ್ಮನ್ನ ನೋಡ್ಬೇಕಂತೆ.”

ಸುಪ್ರಜಾ ಬದರೀನಾರಾಯಣರ ಕಡೆ ತಿರುಗಿದಳು. ಅವರು ತಲೆ ತಗ್ಗಿಸಿದ್ದರು.

ಮೆಟ್ಟಿಲಿಳಿದು ಬಂದವನು ಅವಳು ಎಂದೂ ನೋಡಿರದ ಒಬ್ಬ ಹುಡುಗ. ಹೆಗಲಿಗೆ ಬ್ಯಾಗು, ಕಣ್ಣ ಕೆಳಗೆ ಕಪ್ಪು. “ಆ ರೂಮ್ ಮಾಡಿದೋರು ನೀವೇನಾ? ನಾನು ಶಶಿಕುಮಾರ್. ರಾತ್ರಿಯೆಲ್ಲ ಕೆಲಸ, ಹಗಲು ನಿದ್ದೆ. ಆ ಕುರ್ಚಿ ಬಿಟ್ಟು ಏಳೋಕೇ ಮನಸ್ಸಾಗ್ಲಿಲ್ಲ ಮೇಡಂ. ತಿಂಗಳಿಡೀ ಒಂದು ನರಪಿಳ್ಳೆ ಮುಖ ನೋಡಿಲ್ಲ. ಸ್ವರ್ಗ!”

ಸುಪ್ರಜಾ ಬದರೀನಾರಾಯಣರತ್ತ ಕೈ ತೋರಿದಳು. “ಮರಿಯಣ್ಣನವರೇ, ಹಾಗಾದ್ರೆ... ಇವರು?”

“ಯಾರು, ಬದರಿ ಸಾರಾ?” ಮರಿಯಣ್ಣ ಬೆರಗಾದರು. “ನಿಮ್ಮ ಇಂಜಿನಿಯರ್ ಅಲ್ವಾ ಅವರು?”

ಬದರೀನಾರಾಯಣ ಲ್ಯಾಪ್‌ಟಾಪ್ ಮುಚ್ಚಿ ಎದ್ದರು, ಯಾರ ಮುಖವನ್ನೂ ನೋಡದೆ ರಸ್ತೆ ದಾಟಿದರು, ಎದುರುಮನೆಯ ಬೀಗ ತೆಗೆದು ಒಳಗೆ ಹೋದರು.