ಮುದುಕನ ಪಾತ್ರಕ್ಕೆ ಇಬ್ಬರು

ಠಾಣೆ ನಗರದ ಸಭಾಂಗಣದಲ್ಲಿ ಜನ ಬಂದು ಕೂರುತ್ತಿದ್ದರು. ಪರದೆಯ ಹಿಂದೆ ರಂಜನ್ ಹಾಡಲು ಬಾಯಿ ತೆರೆದರೆ ಬರೀ ಗಾಳಿ ಬಂತು. ಬೆಳಿಗ್ಗೆಯೇ ಕಟ್ಟಿದ್ದ ಗಂಟಲು ಈಗ ಪೂರ್ತಿ ಕೈಕೊಟ್ಟಿತ್ತು.

ಆಡಬೇಕಿದ್ದದ್ದು ಇನ್ನೂರು ವರ್ಷ ಹಳೆಯ ಇಟಾಲಿಯನ್ ಹಾಸ್ಯ ಒಪೆರಾ. ಮಾತೆಲ್ಲ ಹಾಡಿನಲ್ಲೇ ನಡೆಯುವ ನಾಟಕ. ಇಟಲಿಯವರೇ ಹೆಚ್ಚುಕಡಿಮೆ ಮರೆತಿದ್ದ ಅದನ್ನು ಡೊಂಬಿವಲಿಯ ಸಂಗೀತ ಶಿಕ್ಷಕಿ ಜಯಲತಾ ಹುಡುಕಿ ತೆಗೆದು, ಆಫೀಸು ಮುಗಿಸಿ ಬರುವವರಿಗೆ ವರ್ಷವಿಡೀ ಕಲಿಸಿದ್ದರು. ಎಳೆಯ ಹುಡುಗಿಯನ್ನು ಮದುವೆಯಾಗಲು ಹೊರಟು ಪೆಚ್ಚಾಗುವ ಮುದುಕನೇ ಮುಖ್ಯ ಪಾತ್ರ, ಅದು ರಂಜನ್‌ನದು. ಅದನ್ನೇ ಕೇಳಿಕೊಂಡು ಬಂದಿದ್ದ ಮಯೂರ್‌ನನ್ನು, "ಕಂಠ ಚಿನ್ನ, ಮೈ ಮಾತ್ರ ಲೈಟು ಕಂಬ" ಎಂದು ಅವರು ಗುಂಪಿನ ಹಾಡಿಗೆ ಹಾಕಿದ್ದರು.

"ಮಯೂರ್, ಮುದುಕನ ಹಾಡು ನಿನಗೆ ಬರ್ತದಾ?" ಜಯಲತಾ ಕೇಳಿದರು.

"ಸಬ್ ಆತಾ ಹೈ ಮೇಡಂ. ದಿನಾ ಲೋಕಲ್ ಟ್ರೇನ್‌ನಲ್ಲಿ ಅದನ್ನೇ ಹಾಡ್ಕೊಳ್ತೇನೆ. ಆದ್ರೆ ಆ್ಯಕ್ಟಿಂಗ್ ನನ್ನಿಂದಾಗಲ್ಲ."

"ನೀನು ಆಡ್ಬೇಕು ಅಂತ ಯಾರು ಹೇಳಿದ್ದು? ನಮ್ಮ ಯಕ್ಷಗಾನದಲ್ಲಿ ಹಾಡುವುದು ಭಾಗವತರು, ಕುಣಿಯುವುದು ವೇಷ. ನೀನು ಬದಿಯಲ್ಲಿ ನಿಂತು ಹಾಡು, ರಂಜನ್ ಆಡ್ಲಿ."

ಹಾಡು ತನ್ನದು, ಮುಖ ಇನ್ನೊಬ್ಬನದು. ಮಯೂರ್ ರಂಜನ್‌ನ ಕಡೆ ನೋಡಿದ. ರಂಜನ್ ಕೈಮುಗಿದ. ಮಯೂರ್ ಮೈಕು ಎತ್ತಿಕೊಂಡು ವೇದಿಕೆಯ ಬದಿಗೆ ಹೋದ.

ಮೊದಲ ದೃಶ್ಯದಲ್ಲಿ ರಂಜನ್‌ನ ತುಟಿ ಮುಂದೆ ಓಡಿತು, ಹಾಡು ಹಿಂದೆ ಬಿತ್ತು. ಆಮೇಲೆ ಮಯೂರ್ ಸಾಹಿತ್ಯದ ಹಾಳೆ ನೋಡುವುದನ್ನೇ ಬಿಟ್ಟು ರಂಜನ್‌ನ ಹೆಗಲನ್ನು ನೋಡುತ್ತ ಹಾಡತೊಡಗಿದ. ನೋಡನೋಡುತ್ತ ಇಬ್ಬರೂ ಸೇರಿ ಒಬ್ಬನೇ ಮುದುಕ ಆದರು. ಜನ ನಕ್ಕು ನಕ್ಕು ಸೀಟಿನ ಅಂಚಿಗೆ ಬಂದರು.

ಕೊನೆಗೆ ಹುಡುಗಿ ತನ್ನ ಪ್ರಿಯಕರನ ಜೊತೆ ಓಡಿಹೋಗುತ್ತಾಳೆ. ಮುದುಕ ಸಿಟ್ಟಿನಿಂದ ಸಿಡಿಯುತ್ತಾನೆ. ಕಾದ ಎಣ್ಣೆಗೆ ಬಿದ್ದ ಸಾಸಿವೆಯಂಥ ಹಾಡು. ಅದರ ಅರ್ಧದಲ್ಲಿ ಮಯೂರ್‌ನ ದಮ್ಮು ಕಟ್ಟಿತು. ಜಯಲತಾ ಕಣ್ಣು ಮುಚ್ಚಿಕೊಂಡರು.

ಧಡ್! ರಂಜನ್ ತನ್ನ ಊರುಗೋಲಿಗೇ ಎಡವಿ ಅಂಗಾತ ಬಿದ್ದಿದ್ದ. ಸಭಾಂಗಣ ನಗುವಿನಲ್ಲಿ ಮುಳುಗಿತು. ಅವನು ಸಾವಕಾಶವಾಗಿ ಕೋಲು ಹುಡುಕಿ, ಸೊಂಟ ಹಿಡಿದುಕೊಂಡು ಏಳುವಷ್ಟರಲ್ಲಿ ಮಯೂರ್ ಎದೆ ತುಂಬ ಉಸಿರು ತೆಗೆದುಕೊಂಡಿದ್ದ. ಹಾಡು ನಿಂತಲ್ಲಿಂದಲೇ ಮೇಲೆದ್ದಿತು.

ಚಪ್ಪಾಳೆ ಮುಗಿದು ಪರದೆ ಇಳಿದ ಮೇಲೆ ಜಯಲತಾ ಓಡಿ ಬಂದರು. "ಆ ಬೀಳುವುದು ನಾನು ಹೇಳಿಕೊಟ್ಟದ್ದಲ್ಲ. ಯಾಕೆ ಬಿದ್ದದ್ದು ಮಾರಾಯ?"

ರಂಜನ್ ಬಾಯಿ ತೆರೆದ. ಪಕ್ಕದಲ್ಲಿ ನಿಂತಿದ್ದ ಮಯೂರ್ ಉತ್ತರ ಕೊಟ್ಟ.

"ನನ್ನ ಉಸಿರು ನಿಂತಿತ್ತಲ್ಲ ಮೇಡಂ, ಅದಕ್ಕೇ ಬಿದ್ದೆ."